ಅಜ್ಜಿ ಹುಡುಕಿದ ವಚನ

ನಾವು ಚಿಕ್ಕವರಿದ್ದಾಗ ಸಂಜೆ ಎಂದರೆ ಬೀದಿ. ಕೊರಟಗೆರೆಯ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಕಡಲೆಕಾಯಿ ಹುರಿಯುವ ವಾಸನೆ ಏಳುತ್ತಿತ್ತು, ಹುಡುಗಿಯರು ಕುಂಟೆಬಿಲ್ಲೆಗೆ ಮನೆ ಬರೆಯುತ್ತಿದ್ದರು. ನಾನೊಬ್ಬಳು ಮಾತ್ರ ಒಳಗೆ ಕೂತು ಅಜ್ಜಿಗೆ ಸತ್ಯವೇದ, ಅಂದರೆ ಬೈಬಲ್, ಓದಬೇಕಿತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಿನಕ್ಕೊಂದು ಅಧ್ಯಾಯ ಕಿವಿಗೆ ಬೀಳದಿದ್ದರೆ ಅವಳಿಗೆ ರಾತ್ರಿ ಮುದ್ದೆ ಇಳಿಯುತ್ತಿರಲಿಲ್ಲ.

ಆಪರೇಷನ್ ಮಾಡಿಸೋಣ ಎಂದು ಅಪ್ಪ ಹೇಳಿ ಹೇಳಿ ಸೋತಿದ್ದ.

"ಕಣ್ಗೆ ಕತ್ತಿ ಆಕುಸ್ಕೊಳಕ್ಕೆ ನಂಗೇನ್ ಬುದ್ಧಿ ಕೆಟ್ಟೈತಾ? ದ್ಯಾವ್ರು ಇಟ್ಟಂಗೆ ಇರ್ತೀನಿ ಬುಡು" ಎನ್ನುತ್ತಿದ್ದಳು.

ಒಂದು ಸಂಜೆ ನನಗೆ ರೇಗಿಹೋಯಿತು. ಹೊರಗೆ ಗೆಳತಿಯರು ಕೂಗುತ್ತಿದ್ದರು, ಒಳಗೆ ಸತ್ಯವೇದದ ಕೀರ್ತನೆ ಮುಗಿಯುತ್ತಲೇ ಇರಲಿಲ್ಲ. ಓದುತ್ತಿದ್ದ ರಾಗದಲ್ಲೇ ನಡುವೆ ಒಂದು ವಚನ ಸೇರಿಸಿಬಿಟ್ಟೆ: "ಭಯಪಡಬೇಡ, ವೈದ್ಯನ ಕೈಗೆ ನಿನ್ನ ಕಣ್ಣುಗಳನ್ನು ಒಪ್ಪಿಸು, ನಾನು ಅವನ ಕೈಯನ್ನು ಹಿಡಿದಿರುವೆನು." ಅಜ್ಜಿಗೆ ಕಣ್ಣು ಬಂದರೆ ನನಗೆ ಬಿಡುಗಡೆ. ಹತ್ತು ವರ್ಷದ ತಲೆಗೆ ಹೊಳೆದದ್ದು ಅಷ್ಟೇ.

ಅಜ್ಜಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಇನ್ನೊಂದ್ ಕಿತ ಓದು ಮಗ."

ಹೇಗೋ ತಪ್ಪದೆ ಒಪ್ಪಿಸಿದೆ.

"ಇಷ್ಟ್ ವರ್ಸ ಓದಿವ್ನಿ, ಇದು ನೆಪ್ಪೇ ಇಲ್ವಲ್ಲ" ಎಂದು ಬೆರಗಾದಳು. ಬೆಳಿಗ್ಗೆ ಎದ್ದವಳೇ ಅಪ್ಪನನ್ನು ಕರೆದು, "ನಡಿಯಪ್ಪ ಮಧುಗಿರಿಗೆ" ಎಂದಳು.

ಆಪರೇಷನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ತೆಗೆದ ಮೇಲಿನ ಮೊದಲ ಭಾನುವಾರ ಅಜ್ಜಿ ಚರ್ಚಿನ ಆರಾಧನೆಯಲ್ಲಿ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದು ನಿಂತಳು. ನನ್ನ ವಚನವನ್ನು ಒಂದಕ್ಷರ ಬಿಡದೆ ಹೇಳಿದಳು. ಸಭೆಗೆ ಸಭೆಯೇ "ಸ್ತೋತ್ರ" ಎಂದಿತು. ನಾನು ಅಮ್ಮಂದಿರ ಸಾಲಿನ ಹಿಂದೆ ತಲೆ ತಗ್ಗಿಸಿ ಕೂತೆ.

"ಯಾವ ಅಧ್ಯಾಯ ಅಮ್ಮ ಅದು?" ಸಭಾಪಾಲಕರು ಅಕ್ಕರೆಯಿಂದಲೇ ಕೇಳಿದರು.

"ನೋಡಿ ಯೋಳ್ತೀನಿ ಅಯ್ನೋರೆ. ಈಗ ಕಣ್ ಬಂದೈತಲ್ಲ!"

ನಾನು ಕೊಡಿಸಿದ ಕಣ್ಣು ನನ್ನನ್ನೇ ಹಿಡಿಯಲು ಹೊರಟಿತ್ತು.

ನೂರೈವತ್ತು ಕೀರ್ತನೆಗಳನ್ನೂ ಬೆರಳಿಟ್ಟು ಓದಿದಳು. ಸಿಗಲಿಲ್ಲ. "ನಾನೇ ಎಲ್ಲೋ ಮರ್ತಿವ್ನಿ" ಎಂದು ಆದಿಕಾಂಡದಿಂದ ಶುರುಮಾಡಿದಳು. ಸಂಜೆಗಳೆಲ್ಲ ಈಗ ನನ್ನವೇ. ಆದರೆ ಆಡಲು ಹೋಗಲಾರದೆ ಬಾಗಿಲಲ್ಲಿ ನಿಂತು, ಇನ್ನೆಷ್ಟು ಪುಟ ಉಳಿದಿವೆ ಎಂದು ನೋಡುತ್ತಿದ್ದೆ. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ, ಹೆದರಿದೆ. ಮನೆಮನೆಯಲ್ಲಿ ಹುಣಸೆಹಣ್ಣು ಬಿಡಿಸುವ ಕಾಲವೂ ಮುಗಿಯಿತು. ಅದಾದ ಎಷ್ಟೋ ದಿನಕ್ಕೆ ಅಜ್ಜಿ ಸತ್ಯವೇದದ ಕೊನೆಯ ಭಾಗವಾದ ಪ್ರಕಟನೆಯ ಕೊನೆಯ ಪುಟ ಓದಿ, ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು.

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಯಾರ್ಗೂ ಯೋಳಾಕಿಲ್ಲ, ಓಗು" ಎಂದಳು. ಆಮೇಲೆ ಮೆಲ್ಲಗೆ, "ಆದ್ರೆ ಇನ್ಮ್ಯಾಕೆ ನಂಗೆ ನೀನು ಓದ್ಬ್ಯಾಡ ಕಣಮ್ಮ."

ಯಾರಿಗೂ ಹೇಳಲಿಲ್ಲ. ಮುದ್ದು ಮಾಡುವುದನ್ನೂ ಬಿಡಲಿಲ್ಲ. ಆದರೆ ಕೊನೆಗಾಲದಲ್ಲಿ ಪುಸ್ತಕ ಎತ್ತಲಾರದೆ ಮಲಗಿದ್ದಾಗ, ತಲೆದಿಂಬಿನ ಹತ್ತಿರವೇ ಕೂತಿದ್ದ ನನ್ನನ್ನು ಬಿಟ್ಟು, ಪಕ್ಕದ ಮನೆಯ ಹುಡುಗಿಯನ್ನು ಕರೆಸಿ ಓದಿಸಿಕೊಂಡಳು. ಆ ನೋವು ನನ್ನ ಎದೆಯಿಂದ ಇವತ್ತಿಗೂ ಇಳಿದಿಲ್ಲ.

ಈಗ ಭಾನುವಾರಗಳಲ್ಲಿ ಪಾಠ ಓದುವ ಸರದಿ ನನಗೂ ಬರುತ್ತದೆ. ನಾನು ಓದುವಾಗ ಎಲ್ಲರೂ ಮೊಬೈಲಿನಲ್ಲಿ ಅದೇ ಪುಟ ತೆರೆದು ನೋಡುತ್ತಿರುತ್ತಾರೆ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ಒಳ್ಳೆಯದೇ. ಆದರೆ ನನ್ನ ಬಾಯಿಂದ ಬಂದದ್ದೆಲ್ಲ ದೇವರ ಮಾತೆಂದೇ ನಂಬಿ ಕೂತು ಕೇಳುತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ. ಅವಳು ಸಾಯುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಅವಳನ್ನು ಕಳೆದುಕೊಂಡಿದ್ದೆ.