ದೊಡ್ಡಪ್ಪನ ಎರಡನೇ ಅಂಕ

ಲೇಥ್ ಮಿಷನ್ನಿನ ಆಯಿಲ್ ವಾಸನೆಯೂ ಕೊಬ್ಬರಿ ಎಣ್ಣೆಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದರೆ ಇವತ್ತಿಗೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಇಂಥದೊಂದು ವಾಸನೆ ನಿಮಗೂ ಇರಬಹುದು. ನಾಗಸಂದ್ರದ ನಮ್ಮ ಶೀಟಿನ ಮನೆಯಲ್ಲಿ ಅದು ದೊಡ್ಡಪ್ಪನದು. ಮದುವೆಯಾಗದ ದೊಡ್ಡಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ನಡೆಸುತ್ತಿದ್ದ. ರಜೆ ಸಿಕ್ಕರೆ ನಾಟಕ, ಟೀವಿ ಧಾರಾವಾಹಿ ಎಂದು ಓಡಿ, ಪೇದೆಯೋ ಪುರೋಹಿತನೋ ಆಗಿ ಬಂದು, ಹಿತ್ತಲಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಅವನ ನಾಲಿಗೆಗೆ ಹಕಾರ ಒಲಿದಿರಲಿಲ್ಲ. "ಹಾಲು, ಹಣ್ಣು, ಹೂವು" ಎಂದು ಅಭ್ಯಾಸ ಮಾಡುತ್ತ ಅಂಗಳವೆಲ್ಲ ತಿರುಗುತ್ತಿದ್ದರೆ ಅಜ್ಜಿ, "ಕಾಲು ಸುಟ್ಟ ಬೆಕ್ಕಿನಂಗೆ ಯಾಕ್ಲಾ ಸುತ್ತೀಯ? ಕುಂತ್ಕೊಂಡು ಉಣ್ಣು" ಎನ್ನುತ್ತಿದ್ದಳು. ಅವನು ನಿಂತೇ ಉಂಡು ಮುಗಿಸುತ್ತಿದ್ದ.

ಕೊನೆಗೊಮ್ಮೆ ಧಾರಾವಾಹಿಯೊಂದರಲ್ಲಿ ನಾಯಕಿಯ ಅಪ್ಪನ ಪಾತ್ರ ಸಿಕ್ಕಿತು. ಎರಡು ತಿಂಗಳು ಬೀದಿಯವರೆಲ್ಲ ನಮ್ಮ ಮನೆಯಲ್ಲೇ ಟೀವಿ ನೋಡಿದರು. ಒಂದು ಸಂಜೆ ಇದ್ದಕ್ಕಿದ್ದಂತೆ ಪರದೆಯ ಮೇಲೆ, ನಾಯಕಿಯ ಮನೆಯ ಗೋಡೆಯಲ್ಲಿ ಅವನ ಫೋಟೊ, ಅದಕ್ಕೆ ಗಂಧದ ಹಾರ. ಆ ಪಾತ್ರವನ್ನು ಸಾಯಿಸುವುದಾಗಿ ಅವನಿಗೂ ಯಾರೂ ಹೇಳಿರಲಿಲ್ಲ. "ಬದುಕಿರೋ ಮಗನ್ಗೆ ಆರ ಆಕವ್ರಲ್ಲಪ್ಪೋ!" ಎಂದು ಅಜ್ಜಿ ಎದೆ ಬಡಿದುಕೊಂಡಳು. "ಗೋಡೆ ಮ್ಯಾಲಾದ್ರೂ ದಿನಾ ಕಾಣಿಸ್ತೀನಲ್ಲಮ್ಮ" ಎಂದು ದೊಡ್ಡಪ್ಪ ನಕ್ಕ. ಮಾರನೆಯ ದಿನ ಕಾರ್ಖಾನೆಗೆ ಹೋಗದೆ ಶೂಟಿಂಗ್ ಜಾಗಕ್ಕೆ ಹೋದ; ಧಾರಾವಾಹಿಯ ಮಗಳ ಕನಸಲ್ಲಾದರೂ ಒಂದು ಮಾತಾಡಲು ಬಿಡಿ ಎಂದು ಕೇಳಿ, ಬರಿಗೈಯಲ್ಲಿ ವಾಪಸು ಬಂದ. ಆಮೇಲೆ ಅಲ್ಲಿಂದ ಫೋನ್ ಬರಲಿಲ್ಲ.

ಆ ವರ್ಷದ ರಾಜ್ಯೋತ್ಸವಕ್ಕೆ ಕಾರ್ಖಾನೆಯವರು ತಮ್ಮ ಶೆಡ್ಡಿನಲ್ಲೇ ಆಡಿದ ನಾಟಕದಲ್ಲಿ ಅವನದು ಎರಡನೇ ಅಂಕದಲ್ಲಿ ಸಾಯುವ ಮುದುಕನ ಪಾತ್ರ. ಅಜ್ಜಿ ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಚಾಪೆಯ ಮೇಲೆ ಸತ್ತು ಮಲಗಿದ್ದ ದೊಡ್ಡಪ್ಪ ಅವಳ ಬಿಕ್ಕು ಕೇಳಿ ಕಣ್ಣು ಬಿಟ್ಟ. ಎದ್ದು ಕೂತ. "ನಾನು ಹೋಗಲ್ಲ. ಹೇಳೋದು ಇನ್ನೂ ಇದೆ" ಎಂದವನೇ, ನಾಟಕದಲ್ಲಿ ಯಾರೂ ಬರೆದಿರದ ಮಾತುಗಳನ್ನು ಒಂದೂ ಹಕಾರ ತಪ್ಪದೆ ಆಡತೊಡಗಿದ. ಶೆಡ್ಡಿನ ತುಂಬ ಶಿಳ್ಳೆ. ಪರದೆ ಎಳೆಯಬೇಕಿದ್ದ ಗದಗಿನ ಈರಣ್ಣ, ಕಾರ್ಖಾನೆಯಲ್ಲಿ ಅವನ ಜೊತೆ ಕೆಲಸ ಮಾಡುವವನು, ಹಗ್ಗ ಹಿಡಿದು ಹಾಗೇ ನಿಂತುಬಿಟ್ಟ.

ಆ ಮನೆ ಈಗಿಲ್ಲ, ಅಲ್ಲೊಂದು ಗೋದಾಮು ಎದ್ದಿದೆ. ಅದಕ್ಕೂ ಮೊದಲೇ, ಆ ನಾಟಕವಾಗಿ ಎರಡು ವರ್ಷಕ್ಕೆ, ದೊಡ್ಡಪ್ಪ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಅಂಗಳದಲ್ಲಿ ಮಲಗಿಸಿದ್ದಾಗ ಈರಣ್ಣ ಓಡಿ ಬಂದು ಅವನ ಭುಜ ಹಿಡಿದು ಅಲುಗಿಸಿದ. "ಏಳ್ರಿ ಅಣ್ಣಾರ, ಇನ್ನೂ ಹೇಳೂದೈತಿ ಅಂದಿದ್ರಲ್ರಿ."

ಅಲ್ಲಿದ್ದವರೆಲ್ಲ, ಅಜ್ಜಿಯೂ, ನಾನೂ, ಒಂದು ಗಳಿಗೆ ಕಾದೆವು.