ಕೊನೆಗೆ ಬರುತ್ತಿದ್ದ ನಂಜುಂಡಣ್ಣ

ನಮ್ಮ ನಂಜುಂಡಣ್ಣ ಸೈಕಲ್ ಮೇಲೆ ಕೂತು, ಕಾಲು ನೆಲಕ್ಕೆ ತಾಗಿಸದೆ, ನಿಂತಲ್ಲೇ ನಿಂತು ಆಕಳಿಸಬಲ್ಲವನಾಗಿದ್ದ. ಅದೂ ಬಾಯಿಗೆ ಕೈ ಅಡ್ಡ ಹಿಡಿದು. ಆಗ ಹ್ಯಾಂಡಲ್ಲಿಗೆ ಒಂದೇ ಕೈ.

ಅಣ್ಣ ಹುಟ್ಟಾ ನಿಧಾನಸ್ಥ. ಅಮ್ಮ ಕರಿಬೇವು ತರಲು ಕಳಿಸಿದರೆ, ಅವನು ಸಾರಕ್ಕಿ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ನಾವು ಸಾರು ಉಂಡು ಕೈ ತೊಳೆದಿರುತ್ತಿದ್ದೆವು. "ಮಜ್ಜಿಗೆಗೆ ಹಾಕು ಬಿಡಮ್ಮ" ಎನ್ನುತ್ತಿದ್ದ. ಅಪ್ಪನ ಪ್ರಕಾರ ಅವನು ಯಾವುದಕ್ಕೂ ಲಾಯಕ್ಕಿರಲಿಲ್ಲ. ಆದರೆ ಆ ಎಪ್ಪತ್ತರ ದಶಕದಲ್ಲಿ ಜಯನಗರದ ಸುತ್ತ ಎಲ್ಲಿ ರಾಜ್ಯೋತ್ಸವ ನಡೆದರೂ ಸ್ಲೋ ಸೈಕಲ್ ರೇಸ್ ಇರುತ್ತಿತ್ತು. ಕಾಲೂರದೆ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನೇ ಗೆದ್ದವನು. ಅಣ್ಣನಿಗೆಂದೇ ಹುಟ್ಟಿದ ಆಟ. ನಮ್ಮ ಮನೆಯ ಸ್ಟೀಲ್ ಡಬ್ಬಿ, ಲೋಟ, ಟಿಫನ್ ಕ್ಯಾರಿಯರ್ ಎಲ್ಲವೂ ಅವನ ನಿಧಾನದ ಸಂಪಾದನೆ.

ಪಕ್ಕದವರು ಹಲ್ಲು ಕಚ್ಚಿಕೊಂಡು ಹ್ಯಾಂಡಲ್ ತಿರುಗಿಸುತ್ತಿದ್ದರೆ ಇವನು ನೋಡಲು ಬಂದವರನ್ನು, "ಏನ್ ಗುರು, ಊಟ ಆಯ್ತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದ. ಬೀಳುವ ಭಯವಿಲ್ಲವೇ ಎಂದರೆ, "ನಾನು ಬೀಳಲ್ಲ ಅಂತ ಸೈಕಲ್‌ಗೆ ಹೇಳ್ಬಿಟ್ಟಿದೀನಿ. ಪಾಪ, ಅದು ನಂಬ್ಕೊಂಡಿದೆ" ಎನ್ನುತ್ತಿದ್ದ.

ಆ ಸೈಕಲ್ಲನ್ನು ಒರೆಸಿ, ಚೈನಿಗೆ ಎಣ್ಣೆ ಬಿಡುತ್ತಿದ್ದವಳು ನಾನು. ಹತ್ತುವಂತಿರಲಿಲ್ಲ. "ಹೆಣ್ಮಕ್ಳಿಗೆ ಸೈಕಲ್ ಯಾಕೆ?" ಎಂದು ಅಪ್ಪ, ಹಿಂದೆ ಶಾಲೆ ಯಾಕೆ ಎಂದು ಕೇಳಿದ ದನಿಯಲ್ಲೇ ಕೇಳಿದ್ದರು. ಐದನೇ ಕ್ಲಾಸಿಗೆ ನನ್ನ ಓದು ಮುಗಿದಿತ್ತು. ಅಣ್ಣ ಎಸ್ಸೆಸ್ಸೆಲ್ಸಿಯನ್ನೂ ನಿಧಾನವಾಗಿ, ಮತ್ತೆ ಮತ್ತೆ ಬರೆಯುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ರಾಜ್ಯೋತ್ಸವದ ದಿನ, ಸೀಟಿ ಊದುವ ಮುಂಚೆ ಅವನ ಹತ್ತಿರ ಹೋಗಿ ಏನೂ ಅರಿಯದವಳಂತೆ ಕೇಳಿದೆ: "ಅಣ್ಣ, ಸೈಕಲ್ ನಿಲ್ಸುವಾಗ ಉಸಿರು ಒಳಗೆ ಎಳ್ಕೋತೀಯಾ, ಹೊರಗೆ ಬಿಡ್ತೀಯಾ?"

ಅಣ್ಣ ಬಾಯಿ ತೆರೆದ. ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ.

"ಗೊತ್ತಿಲ್ವಲ್ಲೇ..."

ಸೀಟಿ ಊದಿದರು. ಅಣ್ಣ ಉಸಿರು ಎಳೆದ, ಬಿಟ್ಟ, ಮತ್ತೆ ಎಳೆದ, ಕೆಮ್ಮಿದ, ಪಕ್ಕದ ಇಬ್ಬರನ್ನೂ ಜೊತೆಗೆ ಕರೆದುಕೊಂಡು ನೇರವಾಗಿ ಬಹುಮಾನದ ಮೇಜಿಗೇ ಹೋಗಿ ಗುದ್ದಿದ. ಸ್ಟೀಲ್ ಪಾತ್ರೆಗಳು ಉರುಳಿದ ಸದ್ದಿಗೆ, ಏನೋ ಮುಗಿಯಿತೆಂದು ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಆಮೇಲೆ ಅವನು ಸೈಕಲ್ ಹತ್ತಲೇ ಇಲ್ಲ. "ಅದಕ್ಕೆ ನನ್ಮೇಲೆ ನಂಬ್ಕೆ ಹೋಯ್ತು ಕಣೇ" ಎಂದ. ಎಂಬತ್ತರ ದಶಕವಿಡೀ ಹ್ಯಾಂಡಲ್ಲಿಗೆ ಟಿಫನ್ ಕ್ಯಾರಿಯರ್ ನೇತುಹಾಕಿಕೊಂಡು, ಸೈಕಲ್ ತಳ್ಳಿಕೊಂಡೇ ಕೆಲಸಕ್ಕೆ ಹೋದ. ಬೀದಿಯಲ್ಲಿ ಯಾರಾದರೂ "ಪಂಚರ್ರಾ ಅಣ್ಣ?" ಎಂದರೆ "ಹೂಂ ಗುರು" ಎನ್ನುತ್ತಿದ್ದ. ಪಂಚರ್ ಮಾಡಿದವಳು ನಾನು, ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಕೊನೆಗೂ ಹೇಳಿದ್ದು ಹೋದ ವರ್ಷ, ಅವನು ಹಾಸಿಗೆ ಹಿಡಿದ ಮೇಲೆ.

"ಆವತ್ತು ಉಸಿರಿನ ವಿಷ್ಯ ಬೇಕೂಂತ್ಲೇ ಕೇಳ್ದೆ ಅಣ್ಣ. ನೀನು ಬೀಳ್ಲಿ ಅಂತ."

ಬೈಯುತ್ತಾನೆಂದುಕೊಂಡಿದ್ದೆ. ಅಣ್ಣ ನಿಧಾನವಾಗಿ ಎದ್ದು ಕೂತ. "ಹಂಗಾದ್ರೆ ನಾನಾಗಿ ಬೀಳ್ಲಿಲ್ವಾ? ನೀನು ಬೀಳ್ಸಿದ್ದಾ?" ಮುಖ ಅರಳಿತು. "ಲೇ ಇವ್ಳೇ!" ಎಂದು ಅತ್ತಿಗೆಯನ್ನು ಕೂಗಿದ. "ನಾನು ಸೋತೇ ಇಲ್ಲ ಕಣೇ! ಸೈಕಲ್‌ಗೆ ಗಾಳಿ ಹಾಕ್ಸು!"

"ಮೊದ್ಲು ಗಂಜಿ ಕುಡೀರಿ" ಎಂದರು ಅತ್ತಿಗೆ.

ಬೇಡ ಬೇಡ ಎನ್ನುತ್ತಿದ್ದ ಗಂಜಿಯನ್ನು ಅಂದು ಕೇಳಿ ಹಾಕಿಸಿಕೊಂಡು ಕುಡಿದ. ಒಂದು ಮಾತು. ಅಷ್ಟು ವರ್ಷಗಳಲ್ಲಿ ಯಾವ ದಿನವಾದರೂ ಹೇಳಬಹುದಿತ್ತು.

ಸೈಕಲ್ಲಿಗೆ ಗಾಳಿ ಹಾಕಿಸಿದೆವು. ಹತ್ತಲು ಅವನಿಗಾಗಲಿಲ್ಲ.

ಅವನನ್ನು ಚಿತಾಗಾರಕ್ಕೆ ಒಯ್ದ ದಿನ, ಆಟೋಗಳಲ್ಲಿ ಹಿಂದೆ ಹೊರಟ ನಾವೆಲ್ಲ ಮೊದಲೇ ಮುಟ್ಟಿದೆವು. ಅಣ್ಣನ ವ್ಯಾನು ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಬರಲೇ ಇಲ್ಲ. ಗೇಟಿನಲ್ಲಿ ಕಾಯುತ್ತ ನಿಂತಿದ್ದ ಅತ್ತಿಗೆ ಕಣ್ಣೊರೆಸಿಕೊಂಡು, ರಸ್ತೆಯ ಕಡೆಗೇ ನೋಡುತ್ತ ಹೇಳಿದರು:

"ಬಿಡು, ಇವತ್ತೂ ಅವ್ರದ್ದೇ ಫಸ್ಟ್ ಪ್ರೈಜು."