ತಪ್ಪು ತಿದ್ದುವ ನನ್ನ ಚಾಳಿ

ಲಂಡನ್ನಿನ ಕೊಲಿಂಡೇಲಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಗೆ ಆ ಕಲಾವಿದೆ ಬಂದು ಮೂರು ವರ್ಷವಾಯಿತು. ಹುಟ್ಟಿದ್ದು ಅಮೆರಿಕದ ಟೆಕ್ಸಾಸಿನಲ್ಲಿ, ಮೆಕ್ಸಿಕೋ ಮೂಲದ ಮನೆಯಲ್ಲಿ. ತಮ್ಮನ್ನು ಚಿಕಾನಾ ಎಂದು ಕರೆದುಕೊಳ್ಳುತ್ತಾರೆ. ಎರಡೂ ಕಡೆಯವಳು ಎಂದು ಹೇಳುವ ಹೆಮ್ಮೆಯ ಹೆಸರಂತೆ ಅದು. ಚಿತ್ರ ಮಾಡುತ್ತಾರೆ, ಕಥೆಯನ್ನೂ ಬರೆಯುತ್ತಾರೆ. ಅವರ ಕಥೆಗಳಲ್ಲಿ ಇಂಗ್ಲಿಷಿನ ನಡುವೆ ಸ್ಪ್ಯಾನಿಷ್ ಹೇಳದೆ ಕೇಳದೆ ನುಗ್ಗಿಬರುತ್ತದೆ.

ಒಂದು ದಿನ ಲಿಫ್ಟಿನಲ್ಲಿ ನನ್ನ ಹತ್ತು ವರ್ಷದ ಮಗಳ ಕೈಯಲ್ಲಿದ್ದ ಚಿತ್ರ ನೋಡಿ, ಶನಿವಾರ ಸ್ಟುಡಿಯೋಗೆ ಬಾ ಎಂದು ಕರೆದರು. ನಾನೂ ಜೊತೆಗೆ ಹೋದೆ.

ಸ್ಟುಡಿಯೋ ಎಂದರೆ ಪಾರ್ಕ್ ರಾಯಲ್‌ನ ಗೋದಾಮೊಂದರ ಮೂಲೆ. ಪಕ್ಕದಲ್ಲೇ ಬ್ರೆಡ್ ಫ್ಯಾಕ್ಟರಿ ಇದ್ದುದರಿಂದ ಒಳಗೆ ಕಾಲಿಟ್ಟ ಕೂಡಲೇ ಹಸಿವಾಗುತ್ತಿತ್ತು. ರಬ್ಬರಿನಂಥ ಹಾಳೆಯಲ್ಲಿ ಚಿತ್ರ ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತುವುದು ಅವರ ಕೆಲಸ. ಮಗಳ ಕೈಗೆ ಪುಟ್ಟ ಉಳಿಯೊಂದನ್ನು ಕೊಟ್ಟರು. ಅವಳು ಸಂಭ್ರಮದಿಂದ ನನ್ನತ್ತ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ, "ಅವ್ವಾ, ನಾನು ಅಜ್ಜಿ ಮುಖ ಮಾಡ್ತಾನೆ!" ಎಂದಳು.

"ಮಾಡ್ತಾನೆ ಅಲ್ಲ. ಮಾಡ್ತೀನಿ ಅನ್ನಬೇಕು."

"ಓಕೆ. ನೆವರ್ ಮೈಂಡ್," ಎಂದು ತಲೆ ತಗ್ಗಿಸಿದಳು.

ನನ್ನಪ್ಪ ಧಾರವಾಡದಲ್ಲಿ ಕನ್ನಡ ಮಾಸ್ತರು. ಮಾತು ಮುಗಿಯುವ ಮೊದಲೇ ತಪ್ಪು ಹಿಡಿಯುವ ಚಾಳಿ ಅವರಿಂದ ನನಗೆ ಬಂದದ್ದು.

ಚಹಾ ಮಾಡಲು ಎದ್ದ ಕಲಾವಿದೆ ನನ್ನನ್ನೂ ಕರೆದು, ಏನು ನಡೆಯಿತೆಂದು ಕೇಳಿದರು. ಹೇಳಿದೆ. ಅವರು ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಹೇಳಿದರು:

"ಸ್ಕೂಲಲ್ಲಿ ಸ್ಪ್ಯಾನಿಷ್ ಮಾತಾಡಿದೆ ಅಂತ ನನ್ನನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ರು. ಆಮೇಲೆ ಅಮ್ಮ ಮನೆಯಲ್ಲೂ ಇಂಗ್ಲಿಷ್ ಶುರುಮಾಡಿದಳು. ಮೆಕ್ಸಿಕೋದಲ್ಲಿ ಅಜ್ಜಿ ಮನೆಗೆ ಹೋದರೆ, ನಾನು ಬಾಯಿ ತೆರೆದ್ರೆ ಸಾಕು, ಚಿಕ್ಕಮ್ಮನ ಮಕ್ಕಳು ನಗೋರು. ಬಾಯಿ ಮುಚ್ಚಿಕೊಂಡೆ. ಅಜ್ಜಿ ಕೊನೆಯ ಸಲ ನನ್ನ ಕೈ ಹಿಡಿದು ಏನೇನೋ ಕೇಳಿದಳು. ಎಲ್ಲ ಅರ್ಥವಾಯ್ತು. ಉತ್ತರವೂ ಗೊತ್ತಿತ್ತು. ತಪ್ಪಾಗುತ್ತೆ ಅಂತ ಬರೀ ತಲೆ ಆಡಿಸಿದೆ."

ಅವರು ನನ್ನ ಬೆನ್ನು ತಟ್ಟಿ, "ನಿನ್ನನ್ನ ಬೈತಾ ಇಲ್ಲ. ಚಹಾ ಕುಡಿ," ಎಂದರು.

ಮರುದಿನ ಭಾನುವಾರ ಧಾರವಾಡಕ್ಕೆ ವಿಡಿಯೋ ಕಾಲ್ ಮಾಡಿದೆ. ಮಗಳು ತಾನು ಅಚ್ಚು ಹಾಕಿದ ಚಿತ್ರವನ್ನು ಕ್ಯಾಮೆರಾಗೆ ಹಿಡಿದಳು. "ಅಜ್ಜಿ, ಇದು ನೀನು! ಕೆಳಗಿನ ಮನೆ ಆಂಟಿ ಕಲಿಸಿದೆ. ಅವನು ತುಂಬಾ ಒಳ್ಳೆಯವಳು!"

ಒಂದೇ ಉಸಿರಿಗೆ ಎಷ್ಟು ತಪ್ಪು! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನವ್ವ ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿ, ಗಟ್ಟಿಯಾಗಿ ನಕ್ಕಳು.

"ಅಯ್ಯ ನನ್ನ ಕೂಸ! ಮೂಗು ನಂದಽ ಐತಿ ನೋಡು. ಆ ಆಂಟಿಗೆ ಒಂದಿನ ಊಟಕ್ಕ ಕರೀರಿ. ಏನು ತಿಂತಾರ ಅವ್ರು?"

ಮಗಳು ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. "ಅವನು ಖಾರ ತಿಂತಾನೆ, ಅಜ್ಜಿ. ತುಂಬಾ ಖಾರ. ನಿನ್ನ ಹಾಗೆ," ಎಂದು ಶುರುಮಾಡಿದವಳು ಉಳಿ, ಮಸಿ, ಗೋದಾಮು ಎಲ್ಲವನ್ನೂ ವಿವರಿಸತೊಡಗಿದಳು. ಗೊತ್ತಿಲ್ಲದ ಕಡೆ ಇಂಗ್ಲಿಷ್ ತುರುಕಿದಳು. ಅವ್ವ ಅದಕ್ಕೂ ಹೂಂಗುಟ್ಟಿದಳು. ಅಕ್ಕಿ ತೊಳೆಯುವ ನೆವದಿಂದ ನಾನು ಅಡುಗೆಮನೆಗೆ ಹೋದೆ. ಅನ್ನ ಆಗುವವರೆಗೂ ಅವರಿಬ್ಬರ ಮಾತು ಮುಗಿಯಲಿಲ್ಲ.